ಕೀವು ಕಟ್ಟದ ಗಾಯ

ಮೊಣಕಾಲು ತರಚಿ, ಎರಡು ದಿನ ಕಳೆದು ಗಾಯದಲ್ಲಿ ಕೀವು ಕಾಣಿಸಿಕೊಂಡರೆ ನಮಗೆ ಹೇಸಿಗೆಯಾಗುತ್ತದೆ, ಅಲ್ಲವೇ? ಆದರೆ ಆ ಕೀವಿನ ಬಹುಭಾಗ ರೋಗಾಣುಗಳೊಡನೆ ಹೋರಾಡಿ ಸತ್ತ ಬಿಳಿ ರಕ್ತಕಣಗಳೇ. ನಾಳದಲ್ಲಿ ರಭಸವಾಗಿ ಹರಿಯುತ್ತಿದ್ದ ಈ ಕಣಗಳು ಸರಿಯಾಗಿ ಗಾಯದ ಜಾಗದಲ್ಲೇ ಇಳಿದದ್ದು ಹೇಗೆ? ಇಂದಿನ ಮಾತು ಅದನ್ನು ಕುರಿತದ್ದು.

ಜರ್ಮನಿಯ ಯೂಲಿಯಸ್ ಕೋನ್‌ಹೈಮ್ 1867ರಲ್ಲಿಯೇ ಕಪ್ಪೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಬಿಳಿಕಣಗಳು ನಾಳದ ಗೋಡೆಗೆ ಅಂಟಿ ನುಸುಳಿ ಹೊರಬರುವುದನ್ನು ವಿವರಿಸಿದ್ದರು. ಆ ಅಂಟು ಯಾವುದೆಂದು ತಿಳಿಯಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಸೋಂಕಿನ ಸುದ್ದಿ ಮುಟ್ಟಿದೊಡನೆ ನಾಳದ ಒಳಪದರದ ಜೀವಕೋಶಗಳು ಸೆಲೆಕ್ಟಿನ್ ಎಂಬ ಪ್ರೋಟೀನುಗಳನ್ನು ಹೊರಚಾಚುತ್ತವೆ. ಬಿಳಿಕಣ ಅವಕ್ಕೆ ತಗುಲಿ, ಬಿಟ್ಟು, ಮತ್ತೆ ತಗುಲಿ ನಿಧಾನವಾಗಿ ಉರುಳತೊಡಗುತ್ತದೆ. ಅಷ್ಟರಲ್ಲಿ ಅದಕ್ಕೊಂದು ರಾಸಾಯನಿಕ ಸಂಕೇತ ಸಿಗುತ್ತದೆ. ಆಗ ಅದರ ಮೈಮೇಲೆ ಮಡಿಚಿಕೊಂಡಿದ್ದ ಇಂಟೆಗ್ರಿನ್ ಎಂಬ ಪ್ರೋಟೀನು ನೆಟ್ಟಗೆ ಎದ್ದು, ಗೋಡೆಯ ಮೇಲಿನ ಐಕ್ಯಾಮ್-1 ಪ್ರೋಟೀನನ್ನು ಭದ್ರವಾಗಿ ಹಿಡಿಯುತ್ತದೆ. ಉರುಳಾಟ ನಿಂತಿತು. ಕಣ ಚಪ್ಪಟೆಯಾಗಿ, ಜೀವಕೋಶಗಳ ಸಂದಿಯಲ್ಲಿ ನುಸುಳಿ ಗಾಯದತ್ತ ಸಾಗುತ್ತದೆ. ಇದನ್ನು ಚಿತ್ರೀಕರಿಸಿದ ತುಣುಕೊಂದು ಕೈಗೆ ಬಂದ ದಿನ ನಾನು ಸಂಕಲನದ ಕೆಲಸ ಬಿಟ್ಟು, ಅದನ್ನೇ ಹಿಂದೆಮುಂದೆ ಓಡಿಸಿ ನೋಡುತ್ತಾ ಕುಳಿತಿದ್ದೆ. ಬಿ.ಎಸ್‌ಸಿ.ಯಲ್ಲಿ ನಾನು ಓದಿದ್ದು ಬಿಳಿಕಣಗಳ ಹೆಸರುಗಳನ್ನು ಮಾತ್ರ!

ಈ ಇಂಟೆಗ್ರಿನ್ನಿನ ಒಂದು ಎಳೆಗೆ ಸಿಡಿ18 ಎಂದು ಹೆಸರು. ಅದರ ಜೀನ್ ಇರುವುದು 21ನೆಯ ವರ್ಣತಂತುವಿನಲ್ಲಿ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿಯೇ ಬಂದರೆ ಮಗುವಿನ ಬಿಳಿಕಣಗಳು ಉರುಳುತ್ತವೆ, ನಿಲ್ಲಲಾರವು. ರಕ್ತ ಪರೀಕ್ಷೆಯಲ್ಲಿ ಅವುಗಳ ಸಂಖ್ಯೆ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು. ಗಾಯದಲ್ಲಿ ಮಾತ್ರ ಕೀವಿಲ್ಲ. ಒಂದೆರಡು ವಾರದಲ್ಲಿ ಉದುರಬೇಕಾದ ಹೊಕ್ಕುಳಬಳ್ಳಿ ತಿಂಗಳಾದರೂ ಉದುರದಿರಬಹುದು. ಹಾಗೆಂದು ಬಳ್ಳಿ ತಡವಾದ ಮಗುವಿಗೆಲ್ಲ ಈ ರೋಗವೆಂದು ಗಾಬರಿಯಾಗಬೇಡಿ. ಆರೋಗ್ಯವಂತ ಶಿಶುಗಳಲ್ಲೂ ಅದು ತಡವಾಗುವುದುಂಟು. ಬಳ್ಳಿಯ ಜೊತೆಗೆ ಸೋಂಕು ಮತ್ತೆ ಮತ್ತೆ ಕಾಡಿದರೆ ವೈದ್ಯರು ಈ ದಿಕ್ಕಿನಲ್ಲಿ ಯೋಚಿಸುತ್ತಾರೆ. ರೋಗ ತೀವ್ರವಾಗಿದ್ದರೆ, ಅಸ್ಥಿಮಜ್ಜೆಯ ಕಸಿ ಆಗದ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಇದು ಬಹಳ ಅಪರೂಪದ ಕಾಯಿಲೆ ನಿಜ. ಆದರೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆಯ ಮನೆಗಳಲ್ಲಿ, ಒಂದೇ ದೋಷ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು.

ಹಸುಗಳಿಗೂ ಇದೇ ರೋಗವಿದೆ. ಅಮೆರಿಕದಲ್ಲಿ 1952ರಲ್ಲಿ ಹುಟ್ಟಿದ ಆಸ್ಬಾರ್ನ್‌ಡೇಲ್ ಐವನ್ಹೋ ಎಂಬ ಹೋಲ್‌ಸ್ಟೀನ್ ಹೋರಿಗೆ ಭಾರೀ ಬೇಡಿಕೆಯಿತ್ತು. ಅದರ ಸಿಡಿ18 ಜೀನಿನ ಒಂದು ಪ್ರತಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಇನ್ನೊಂದು ಪ್ರತಿ ಸರಿಯಿದ್ದುದರಿಂದ ಹೋರಿ ಗಟ್ಟಿಮುಟ್ಟಾಗಿಯೇ ಇತ್ತು. ಕೃತಕ ಗರ್ಭಧಾರಣೆಯಿಂದ ಆ ತಪ್ಪು ದೇಶದೇಶಗಳ ಕೊಟ್ಟಿಗೆ ಸೇರಿತು. ದೋಷ ಯಾವುದೆಂದು ಪತ್ತೆಯಾದದ್ದು 1990ರ ದಶಕದ ಆರಂಭದಲ್ಲಿ. ಭಾರತದ ಎಚ್.ಎಫ್. ಹಾಗೂ ಮಿಶ್ರತಳಿ ರಾಸುಗಳಲ್ಲೂ ಅದರ ವಾಹಕಗಳು ಸಿಕ್ಕಿವೆ. ಆದ್ದರಿಂದಲೇ ವೀರ್ಯ ಸಂಗ್ರಹಕ್ಕೆಂದು ಆರಿಸುವ ಈ ತಳಿಯ ಹೋರಿಗಳಿಗೆ ಡಿಎನ್‌ಎ ಪರೀಕ್ಷೆ ಮಾಡಿಸುತ್ತಾರೆ.