ಯೀಸ್ಟಿನ ಬಾಟಲಿ ಮುನಿದಾಗ

(ಯೆರವಡಾದ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೋಣೆಯ ಮೂಲೆಯಲ್ಲಿರುವ ಚಿಕ್ಕ ಮೀನುತೊಟ್ಟಿಯನ್ನು ತಾವೆಲ್ಲರೂ ಬಲ್ಲಿರಿ. ಪತ್ರಿಕೆ ಓದಲು ಬಂದ ಹಿರಿಯರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಮಕ್ಕಳಂತೂ ಅದಕ್ಕಾಗಿಯೇ ಬರುತ್ತಾರೆ. ಕಳೆದ ಚಳಿಗಾಲದ ಒಂದು ಬೆಳಗ್ಗೆ ಬಾಗಿಲು ತೆರೆದಾಗ ಅದರಲ್ಲಿ ನಾಲ್ಕು ಮೀನುಗಳು ಸತ್ತು ತೇಲುತ್ತಿದ್ದವು. ಉಳಿದವು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ತಪ್ಪು ನಮ್ಮದು. ಅದನ್ನು ಒಪ್ಪಿಕೊಳ್ಳಬೇಕೆಂದೂ, ಮನೆಯಲ್ಲಿ ಇಂಥ ತೊಟ್ಟಿ ಇಟ್ಟವರು ಅದನ್ನೇ ಮಾಡದಿರಲೆಂದೂ ಇಂದು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ನೀರಿನೊಳಗಿನ ಗಿಡಕ್ಕೂ ನೆಲದ ಗಿಡದಂತೆಯೇ ಇಂಗಾಲದ ಡೈಆಕ್ಸೈಡ್ ಬೇಕು. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಅದು ಲೀಟರಿಗೆ ಹೆಚ್ಚುಕಡಮೆ ಅರ್ಧ ಮಿಲಿಗ್ರಾಂ ಮಾತ್ರ ಇರುತ್ತದೆ; ಮೇಲಾಗಿ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಆದಕಾರಣ ಹವ್ಯಾಸಿಗಳು ಅದನ್ನು ಹೊರಗಿನಿಂದ ಕೊಡುತ್ತಾರೆ. ಸಿಲಿಂಡರು ಕೊಳ್ಳಲು ಕೈಲಾಗದವರಿಗೆ ಸಕ್ಕರೆ ನೀರು ಮತ್ತು ಬೇಕರಿಯ ಯೀಸ್ಟೇ ಗತಿ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಈ ಅನಿಲವನ್ನೂ ಬಿಡುತ್ತದೆ. ಶೇಂದಿ ಹಾಕಿ ಹಿಟ್ಟು ಉಬ್ಬಿಸುವ ಕರಾವಳಿಯ ತಾಯಂದಿರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

1767ರ ಸುಮಾರಿಗೆ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯು ಬಿಯರ್ ತಯಾರಿಸುವ ಕಾರ್ಖಾನೆಯ ಪಕ್ಕದಲ್ಲಿ ಮನೆ ಮಾಡಿದ್ದನು. ಹುದುಗುವ ತೊಟ್ಟಿಗಳ ಮೇಲೆ ನಿಂತ ಗಾಳಿಯಲ್ಲಿ ಉರಿಯುವ ಕಡ್ಡಿ ನಂದುವುದನ್ನು ಕಂಡನು. ಅದನ್ನು ನೀರಿಗೆ ಬೆರೆಸಿ ಸೋಡಾ ನೀರು ಮಾಡಿದನು. ಮೇಣದ ಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡವು ಮತ್ತೆ ಸರಿಪಡಿಸುತ್ತದೆಂದು 1771ರಲ್ಲಿ ಕಂಡುಕೊಂಡವನೂ ಅವನೇ. ನಮ್ಮ ಮೀನುತೊಟ್ಟಿಯಲ್ಲಿ ಆ ಎರಡು ಪ್ರಯೋಗಗಳೂ ಒಟ್ಟಿಗೆ ನಡೆಯುತ್ತವೆ.

ಇನ್ನು ನಮ್ಮ ತಪ್ಪಿನ ಕಥೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ 200 ಗ್ರಾಂ ಸಕ್ಕರೆ, ಕಾಲು ಚಮಚ ಯೀಸ್ಟು, ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು ಹಾಕಿದ್ದೆವು. ಜನವರಿಯಲ್ಲಿ ಗುಳ್ಳೆ ಬರುವುದು ಬಹುಮಟ್ಟಿಗೆ ನಿಂತಿತು. ನಾವು ಕಾರಣ ಹುಡುಕಲಿಲ್ಲ. ಒಂದೇ ಸಂಜೆ ಇನ್ನೂ ಎರಡು ಚಮಚ ಯೀಸ್ಟು ಸುರಿದೆವು, ಮುಚ್ಚಳ ಬಿಗಿದೆವು, ಬಾಟಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟೆವು. ದೀಪ ಆರಿಸಿ ಮನೆಗೆ ಹೋದೆವು. ಮೂರು ಉಪಾಯಗಳೂ ಒಮ್ಮೆಗೇ ಫಲಿಸಿದವು. ರಾತ್ರಿಯೆಲ್ಲ ಅನಿಲ ಹರಿಯಿತು. ಕತ್ತಲಲ್ಲಿ ಗಿಡಗಳು ಅದನ್ನು ಹೀರುವುದಿಲ್ಲ. ಅವೂ ಮೀನಿನಂತೆ ಉಸಿರಾಡಿ ಅದನ್ನೇ ಬಿಡುತ್ತವೆ. ಬೆಳಗಾದಾಗ ಕಂಡದ್ದನ್ನು ಮೊದಲೇ ಹೇಳಿದೆವು.

ಆದಕಾರಣ ನಮ್ಮ ಮೊದಲ ಮಾತು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ದಿನ ಕಾಯಿರಿ. ಎರಡನೆಯದು: ಬಾಟಲಿಯಿಂದ ಆರಂಭಿಸಿ ತೊಟ್ಟಿಯ ಕಡೆಗೆ ಕ್ರಮವಾಗಿ ನೋಡುತ್ತಾ ಬನ್ನಿ.

ಬಾಟಲಿಯೊಳಗೆ ನೊರೆ ಇದೆಯೇ? ನೊರೆಯಿದ್ದೂ ತೊಟ್ಟಿಯಲ್ಲಿ ಗುಳ್ಳೆಯಿಲ್ಲವಾದರೆ ಎಲ್ಲೋ ಸೋರುತ್ತಿದೆ. ಮುಚ್ಚಳಕ್ಕೂ ಸಂದುಗಳಿಗೂ ಸಾಬೂನಿನ ನೀರು ಸವರಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಸಿಲಿಕೋನ್ ಕೊಳವೆಯ ಗೋಡೆಯ ಮೂಲಕವೇ ಈ ಅನಿಲ ಸೋರಿಹೋಗುವುದರಿಂದ ಬೇರೆ ಕೊಳವೆ ಒಳ್ಳೆಯದು.

ನೊರೆಯೇ ಇಲ್ಲವಾದರೆ ಯೀಸ್ಟನ್ನು ಪರೀಕ್ಷಿಸಿ. ಒಂದು ಲೋಟ ಬೆಚ್ಚಗಿನ ಸಕ್ಕರೆ ನೀರಿಗೆ ಚಿಟಿಕೆ ಹಾಕಿದರೆ ಕಾಲು ಗಂಟೆಯಲ್ಲಿ ನೊರೆ ಬರಬೇಕು. ಬಾರದಿದ್ದರೆ ಅದು ಹಳೆಯದು. ಕುದಿನೀರು ಸುರಿದಿದ್ದರೆ ನಾವೇ ಕೊಂದಂತೆ. ಯೀಸ್ಟು ಜೀವಂತವಿದ್ದರೆ ಚಳಿಯನ್ನು ಶಂಕಿಸಬೇಕು. ಪುಣೆಯ ಡಿಸೆಂಬರು, ಜನವರಿಯ ರಾತ್ರಿಗಳು 10 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತವೆ. ಇಡ್ಲಿ ಹಿಟ್ಟು ಉಬ್ಬದ ದಿನ ಯೀಸ್ಟೂ ದುಡಿಯದು. ಹಿಟ್ಟಿನ ಪಾತ್ರೆಗೆ ಸುತ್ತುವಂತೆ ಬಾಟಲಿಗೂ ಕಂಬಳಿ ಸುತ್ತಿದರೆ ಸಾಕು.

ಮೂರೇ ದಿನ ಜೋರಾಗಿ ಬಂದು ನಿಂತಿತೇ? ಯೀಸ್ಟು ಹೆಚ್ಚಾಗಿದೆ. ಯೀಸ್ಟು ವೇಗವನ್ನೂ ಸಕ್ಕರೆ ದಿನಗಳನ್ನೂ ನಿರ್ಣಯಿಸುತ್ತದೆ. ಹಾಗೆಂದು ಸಕ್ಕರೆ ಮಿತಿ ಮೀರಿದರೆ ಮದ್ಯಸಾರ ಏರಿ ಯೀಸ್ಟನ್ನೇ ತಡೆಯುತ್ತದೆ. 200 ಗ್ರಾಂ ಸಕ್ಕರೆಯಿಂದ ಸಿಗುವುದು ಹೆಚ್ಚೆಂದರೆ 100 ಗ್ರಾಂನಷ್ಟು ಅನಿಲ. ನೊರೆ ಕೊಳವೆಗೆ ಏರಿ ತೊಟ್ಟಿಯ ನೀರು ಕದಡಿದರೆ, ನಡುವೆ ಅರ್ಧ ನೀರು ತುಂಬಿದ ಚಿಕ್ಕ ಬಾಟಲಿಯೊಂದನ್ನು ಜೋಡಿಸಿ.

ಗುಳ್ಳೆ ಬಂದೂ ಗಿಡ ಸೊರಗಿದ್ದರೆ ಅನಿಲ ಕರಗದೆ ಮೇಲೇರಿ ಒಡೆದುಹೋಗುತ್ತಿರಬಹುದು. ಕೊಳವೆಯ ತುದಿಯನ್ನು ಶೋಧಕ ಯಂತ್ರ ನೀರು ಸೆಳೆಯುವ ಬಾಯಿಯ ಬಳಿ ಇಡಿ. ಹಗಲಲ್ಲಿ ಗಾಳಿಯ ಪಂಪು ಓಡಿದರೆ ಕರಗಿದ್ದೂ ಹೊರಟುಹೋಗುತ್ತದೆ. ಬೆಳಕು, ಗೊಬ್ಬರ ಸಾಲದಿದ್ದರೆ ಅನಿಲ ಒಂದರಿಂದಲೇ ಗಿಡ ಬೆಳೆಯದು.

ಅಳತೆಗೆ ಬ್ರೋಮೋಥೈಮಾಲ್ ಬ್ಲೂ ಎಂಬ ಬಣ್ಣದ ದ್ರಾವಣ ತೂಗುಹಾಕುವ ಪುಟ್ಟ ಗಾಜಿನ ಬುರುಡೆ ಸಿಗುತ್ತದೆ. ಅದರಲ್ಲಿ ಗಡಸುತನ ಗೊತ್ತಿರುವ ನೀರನ್ನೇ ಬಳಸಬೇಕು. ರೂಢಿಯಲ್ಲಿರುವುದು 4 ಡಿಗ್ರಿಯದು. ನೀಲಿಯಾದರೆ ಕಡಿಮೆ, ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ, ಹಳದಿಯಾದರೆ ಅಪಾಯ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆಂಬುದನ್ನು ಮರೆಯಬಾರದು. ಮೀನು ಬಾಯಿ ಬಿಡುವುದು ಕಂಡರೆ ಬಣ್ಣಕ್ಕೆ ಕಾಯದೆ ಕೊಳವೆಯನ್ನು ಹೊರಗೆಳೆದು ಗಾಳಿಯ ಪಂಪು ಹಾಕಿ.

ಎರಡು ಎಚ್ಚರಿಕೆಗಳು. ಅನಿಲ ನಿಲ್ಲಿಸಲೆಂದು ಕೊಳವೆಯನ್ನು ಗಂಟು ಹಾಕಬೇಡಿ. ಒತ್ತಡ ಏರಿ ಬಾಟಲಿ ಸಿಡಿಯುತ್ತದೆ. ಗಾಜಿನ ಬಾಟಲಿಯನ್ನಂತೂ ಬಳಸಲೇಬೇಡಿ. ಬಾಟಲಿ ತಣ್ಣಗಾದಾಗ ತೊಟ್ಟಿಯ ನೀರು ಹಿಂದಕ್ಕೆ ಹರಿಯದಂತೆ ಒಂದೇ ದಿಕ್ಕಿಗೆ ಬಿಡುವ ಕವಾಟವನ್ನು ಕೊಳವೆಗೆ ಹಾಕಿ.

ಇಷ್ಟು ಕಾಯುವ ಪುರಸೊತ್ತಿಲ್ಲದವರು ಹೈಡ್ರಿಲ್ಲ, ವ್ಯಾಲಿಸ್ನೇರಿಯ ಬೆಳೆಸಲಿ. ನಮ್ಮ ನಾಡಿನ ಕೆರೆಗಳಲ್ಲೇ ಬೆಳೆಯುವ ಇವು ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ಪಡೆಯಬಲ್ಲವು. ಬಾಟಲಿಯಿಲ್ಲದೆಯೂ ತೊಟ್ಟಿ ಹಸಿರಾಗಿರುತ್ತದೆ.

ಆ ಬೆಳಗ್ಗೆ ಸತ್ತ ಮೀನುಗಳನ್ನು ಕಂಡ ಹುಡುಗಿಯೊಬ್ಬಳು, “ಇವಕ್ಕೆ ಏನಾಗಿತ್ತು?” ಎಂದು ಕೇಳಿದಳು. ಕಾಯಿಲೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ನಿಜವನ್ನೇ ಹೇಳಿದೆವು. ಮರುದಿನದಿಂದ ಆಕೆಯೂ ಅವಳ ಗೆಳತಿಯರೂ ಸರದಿ ಹಾಕಿಕೊಂಡಿದ್ದಾರೆ: ಸಂಜೆ ದೀಪ ಆರಿಸುವ ಮುನ್ನ ಕೊಳವೆಯನ್ನು ನೀರಿನಿಂದ ತೆಗೆದು ಹೊರಗೆ ಬಿಡುವುದು, ಬೆಳಗ್ಗೆ ಮತ್ತೆ ಇಡುವುದು. ಅಂದಿನಿಂದ ಒಂದು ಮೀನೂ ಸತ್ತಿಲ್ಲ. ಇಂದಿನ ಸರದಿಯವಳು ಗಡಿಯಾರ ನೋಡುತ್ತಿದ್ದಾಳೆ. ಆದಕಾರಣ ಇಲ್ಲಿಗೆ ಮುಗಿಸುತ್ತೇವೆ.