ಗಾಣಕ್ಕೆ ಹಾಕಿದ ಬ್ಯಾರೆಲ್

ಸುರತ್ಕಲ್ ಬಳಿಯ ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ಸಂಸ್ಥೆಯ ರಿಫೈನರಿ ಇದೆ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ತಾಕತ್ತು ಅದಕ್ಕಿದೆ. 2022ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ಈ ಸಂಸ್ಥೆ ಸುಮಾರು 2,700 ಕೋಟಿ ರೂಪಾಯಿ ಲಾಭ ಮಾಡಿತು. ಅದರ ಮುಂದಿನ ಮೂರು ತಿಂಗಳಲ್ಲಿ 1,700 ಕೋಟಿಗೂ ಹೆಚ್ಚು ಕಳೆದುಕೊಂಡಿತು.

ಯಂತ್ರಗಳು ಅವೇ. ಕೆಲಸಗಾರರು ಅವರೇ. ಹಾಗಾದರೆ ಬದಲಾದದ್ದೇನು?

ಉತ್ತರ ಹಳ್ಳಿಯ ಗಾಣದಲ್ಲಿದೆ. ಕೊಬ್ಬರಿ ದುಬಾರಿಯಾಯಿತೆಂದು ಗಾಣದವನು ಮುಳುಗುವುದಿಲ್ಲ, ಅಗ್ಗವಾಯಿತೆಂದು ಉದ್ಧಾರವಾಗುವುದೂ ಇಲ್ಲ. ಕೊಬ್ಬರಿಗೆ ಕೊಟ್ಟ ದುಡ್ಡನ್ನು ಕಳೆದು, ಎಣ್ಣೆ ಮತ್ತು ಹಿಂಡಿ ಮಾರಿದ್ದರಲ್ಲಿ ಉಳಿದದ್ದೆಷ್ಟು ಎಂಬುದೇ ಅವನ ಲೆಕ್ಕ. ರಿಫೈನರಿಯ ಲೆಕ್ಕವೂ ಹೀಗೆಯೇ. ಒಂದು ಬ್ಯಾರೆಲ್, ಅಂದರೆ ಸುಮಾರು 159 ಲೀಟರ್ ಕಚ್ಚಾತೈಲದಿಂದ ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ಅಡುಗೆ ಅನಿಲ ಎಲ್ಲವೂ ಬರುತ್ತವೆ. ತಳದಲ್ಲಿ ಉಳಿಯುವ ಫರ್ನೇಸ್ ಆಯಿಲ್ ಹಿಂಡಿಯಿದ್ದಂತೆ. ಅದು ಅನೇಕ ಸಲ ಕಚ್ಚಾತೈಲಕ್ಕಿಂತಲೂ ಕಡಿಮೆ ಬೆಲೆಗೆ ಹೋಗುತ್ತದೆ. ಎಲ್ಲವನ್ನೂ ಮಾರಿದ ಬೆಲೆಯಲ್ಲಿ ಕಚ್ಚಾತೈಲದ ಖರ್ಚು ಕಳೆದರೆ ಸಿಗುವುದೇ ಜಿಆರ್‌ಎಂ, ಅಂದರೆ ಸಂಸ್ಕರಣೆಯ ಒಟ್ಟು ಮಾರ್ಜಿನ್.

ಆ ಏಪ್ರಿಲ್-ಜೂನ್‌ನಲ್ಲಿ ಎಂಆರ್‌ಪಿಎಲ್‌ನ ಜಿಆರ್‌ಎಂ ಬ್ಯಾರೆಲ್‌ಗೆ 24 ಡಾಲರ್ ದಾಟಿತ್ತು. ಕೋವಿಡ್ ಕಾಲದಲ್ಲಿ ಜಗತ್ತಿನ ಹಲವು ರಿಫೈನರಿಗಳು ಬಾಗಿಲು ಹಾಕಿದ್ದವು. ಲಾಕ್‌ಡೌನ್ ಮುಗಿದು ಬೇಡಿಕೆ ಮರಳುವ ಹೊತ್ತಿಗೆ ಉಕ್ರೇನ್ ಯುದ್ಧ ಶುರುವಾಯಿತು. ರಷ್ಯಾದ ಡೀಸೆಲ್ ನೆಚ್ಚಿಕೊಂಡಿದ್ದ ಯುರೋಪ್ ಕಂಗಾಲಾಯಿತು. ಕಚ್ಚಾತೈಲವೇನೋ ಏರಿತು, ಆದರೆ ಡೀಸೆಲ್ ಅದಕ್ಕಿಂತ ವೇಗವಾಗಿ ಏರಿತು. ನಡುವಿನ ಅಂತರ ಅಗಲವಾಯಿತು.

ಜುಲೈ 1ರಂದು ಕೇಂದ್ರ ಸರ್ಕಾರ ರಫ್ತಾಗುವ ಡೀಸೆಲ್ ಮೇಲೆ ಲೀಟರಿಗೆ 13 ರೂಪಾಯಿ, ಪೆಟ್ರೋಲ್ ಮೇಲೆ 6 ರೂಪಾಯಿ ತೆರಿಗೆ ಹಾಕಿತು. ಅದೇ ಹೊತ್ತಿಗೆ ಆರ್ಥಿಕ ಹಿಂಜರಿತದ ಭಯ ಮಾರುಕಟ್ಟೆಯನ್ನು ಹಿಡಿಯಿತು. ಜೂನ್ ಆರಂಭದಲ್ಲಿ ಬ್ಯಾರೆಲ್‌ಗೆ 120 ಡಾಲರ್ ಆಸುಪಾಸಿನಲ್ಲಿದ್ದ ಬ್ರೆಂಟ್ ಕಚ್ಚಾತೈಲ ಸೆಪ್ಟೆಂಬರ್ ಕೊನೆಗೆ 90ಕ್ಕಿಂತ ಕೆಳಗಿಳಿಯಿತು.

ಅಗ್ಗವಾದರೆ ಒಳ್ಳೆಯದೇ ಅಲ್ಲವೇ? ಟ್ಯಾಂಕಿನಲ್ಲಿ ಮೊದಲೇ ದುಬಾರಿ ತೈಲ ತುಂಬಿದ್ದರೆ ಅಲ್ಲ. ಹಡಗಿನಿಂದ ಇಳಿಸಿ, ಸಂಗ್ರಹಿಸಿ, ಸಂಸ್ಕರಿಸಿ ಮಾರುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ. ಮಾರುವುದು ಮಾತ್ರ ಆ ದಿನದ ಬೆಲೆಗೆ. ಬೆಲೆ ಏರುವಾಗ ಇದೇ ದಾಸ್ತಾನು ಲಾಭ ತಂದುಕೊಡುತ್ತದೆ, ಇಳಿಯುವಾಗ ನುಂಗುತ್ತದೆ.

ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದಿಲ್ಲ. ಕುಲುಮೆಗಳನ್ನು ಉರಿಸಲು ರಿಫೈನರಿ ತಾನು ತಂದ ತೈಲದ ಒಂದು ಪಾಲನ್ನು ತಾನೇ ಸುಡುತ್ತದೆ. ಕಚ್ಚಾತೈಲ ತುಟ್ಟಿಯಾದಷ್ಟೂ ಈ ಉರುವಲೂ ತುಟ್ಟಿ.

ಮಾರ್ಜಿನ್ ಚೆನ್ನಾಗಿದ್ದರೆ ಕಂಪನಿ ಗೆದ್ದಂತೆ ಎನ್ನಲೂ ಆಗದು. ಅದೇ ಏಪ್ರಿಲ್-ಜೂನ್‌ನಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನ ಜಿಆರ್‌ಎಂ 16 ಡಾಲರ್ ದಾಟಿತ್ತು. ಆದರೂ ಕಂಪನಿ 10,000 ಕೋಟಿಗೂ ಹೆಚ್ಚು ನಷ್ಟ ತೋರಿಸಿತು. ಎಂಆರ್‌ಪಿಎಲ್ ಹೆಚ್ಚಾಗಿ ಸಗಟು ಮತ್ತು ರಫ್ತು ವ್ಯಾಪಾರದ ಕಂಪನಿ. ಹಿಂದೂಸ್ತಾನ್ ಪೆಟ್ರೋಲಿಯಂಗೆ ದೇಶದ ತುಂಬ ಬಂಕ್‌ಗಳಿವೆ, ಅಲ್ಲಿ ದರ ಏರಿಸದೆ ತಡೆಹಿಡಿಯಲಾಗಿತ್ತು. ರಿಫೈನರಿಯಲ್ಲಿ ಗಳಿಸಿದ್ದು ಬಂಕಿನಲ್ಲಿ ಸೋರಿಹೋಯಿತು.

2017ರ ಜೂನ್‌ನಿಂದ ದೇಶದಲ್ಲಿ ಇಂಧನ ದರ ಪ್ರತಿದಿನ ಪರಿಷ್ಕರಣೆಯಾಗಬೇಕು ಎಂಬ ವ್ಯವಸ್ಥೆಯಿದೆ. ಆದರೆ ಕೇಂದ್ರ ಅಬಕಾರಿ ಸುಂಕ ಇಳಿಸಿದ 2022ರ ಮೇ 22ರಂದು ಬೆಂಗಳೂರಿನಲ್ಲಿ ಪೆಟ್ರೋಲ್ 101 ರೂಪಾಯಿ 94 ಪೈಸೆಗೆ ಬಂದು ನಿಂತಿತು. ಕುತ್ತೆತ್ತೂರಿನಲ್ಲಿ ಲಾಭ ಬಂದಾಗಲೂ ಅಷ್ಟೇ, ನಷ್ಟವಾದಾಗಲೂ ಅಷ್ಟೇ. ಬಂಕಿನ ಫಲಕದ ಮೇಲಿನ ಆ ಅಂಕಿ ಇಳಿದದ್ದು 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆ ಘೋಷಣೆಯಾಗುವ ಹೊಸ್ತಿಲಲ್ಲಿ.