ಕಡಲೂ ಕಡಲೆಕಾಯಿಯೂ



ಚಳ್ಳಕೆರೆ ಸೀಮೆಯ ನನ್ನಿವಾಳದಲ್ಲಿ ಹೊಲದ ಬದುವಿನ ಮೇಲೆ ನಿಂತವರಿಗೆ ಕಡಲಿನ ನೆನಪು ಬರುವುದು ಅಪೂರ್ವ. ಸುತ್ತಲೂ ಕಾವಲಿನ ಹುಲ್ಲು, ದನಕರುಗಳ ಮಂದೆ, ಮಳೆಯೊಂದನ್ನೇ ನಂಬಿದ ಕಡಲೆಕಾಯಿಯ ಹೊಲ. ಮುಂಗಾರಿನ ಮೋಡಗಳು ಪಡುವಣ ಘಟ್ಟಗಳ ಮೇಲೆಯೇ ತಮ್ಮ ಭಾರವನ್ನು ಬಹುಮಟ್ಟಿಗೆ ಇಳಿಸಿಬಿಡುವುದರಿಂದ ಈ ನೆಲಕ್ಕೆ ಉಳಿಯುವುದು ಅಲ್ಪ. ಆ ಅಲ್ಪವೂ ಸಮುದ್ರದ ದಾನವೇ. ಆದಕಾರಣ ಕಡಲನ್ನು ಅಭ್ಯಾಸಮಾಡಿ, ಆ ವಿದ್ಯೆಯನ್ನು ಇಂತಹ ಹೊಲದವರೆಗೂ ತಂದ ವಿದುಷಿ ಸುಲೋಚನಾ ಗಾಡ್ಗೀಳರ ವಿಚಾರವಾಗಿ ಈ ದಿನ ನಾಲ್ಕು ಮಾತು ಹೇಳಬಯಸುತ್ತೇವೆ.

ಈಕೆ 1944ರಲ್ಲಿ ಪುಣೆಯಲ್ಲಿ ಜನಿಸಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1982ರಲ್ಲಿ ಅಲ್ಲಿ ವಾಯುಮಂಡಲ ವಿಜ್ಞಾನದ ಕೇಂದ್ರವು ಸ್ಥಾಪಿತವಾದಾಗ ಅದನ್ನು ಕಟ್ಟಿದವರಲ್ಲಿ ಈಕೆಯೂ ಒಬ್ಬರು. ಮುಂದೆ ಅದರ ಅಧ್ಯಕ್ಷರೂ ಆದರು. ಕಾಲಕ್ರಮದಲ್ಲಿ ಆ ಕೇಂದ್ರದ ಹೆಸರಿನಲ್ಲಿ ಸಾಗರವೂ ಸೇರಿಕೊಂಡಿತು.

ಬೇಸಗೆಯಲ್ಲಿ ನೆಲವು ಕಾಯುತ್ತದೆ, ಆದುದರಿಂದ ಕಡಲಿನ ಗಾಳಿ ಒಳನಾಡಿಗೆ ನುಗ್ಗುತ್ತದೆ ಎಂಬುದು ಮುಂಗಾರಿಗೆ ಶಾಲೆಯ ಪುಸ್ತಕಗಳು ಹೇಳುತ್ತಿದ್ದ ಕಾರಣ. ಸುಲೋಚನಾ ಅವರು ಡಿ. ಆರ್. ಸಿಕ್ಕಾ ಅವರೊಡನೆ ಉಪಗ್ರಹದ ಚಿತ್ರಗಳನ್ನು ದಿನದಿನವೂ ಪರೀಕ್ಷಿಸಿ, 1980ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಭೂಮಧ್ಯರೇಖೆಯ ಬಳಿ, ಸಾಗರದ ಮೇಲೆ ಹುಟ್ಟುವ ಮೋಡಗಳ ಪಟ್ಟಿಯೊಂದು ಕೆಲವು ವಾರಗಳಿಗೊಮ್ಮೆ ಉತ್ತರಾಭಿಮುಖವಾಗಿ ನಡೆದು ನಮ್ಮ ದೇಶವನ್ನು ಮುಟ್ಟುತ್ತದೆಂದು ಅದರಿಂದ ತಿಳಿದುಬಂದಿತು. 1984ರ ಮತ್ತೊಂದು ಪ್ರಬಂಧವು ಕಡಲಿನ ಮೇಲ್ಮೈಯ ಶಾಖವು ಸುಮಾರು 28 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದಲ್ಲದೆ ಅಂತಹ ದಟ್ಟ ಮೋಡಗಳು ಸಾಮಾನ್ಯವಾಗಿ ಕೂಡವೆಂದು ತೋರಿಸಿತು. ಅಷ್ಟು ಶಾಖವಿದ್ದ ಮಾತ್ರಕ್ಕೆ ಮೋಡ ಕೂಡಿಯೇ ತೀರುವುದೆಂಬ ನಿಯಮವೂ ಇಲ್ಲ.

ಇಷ್ಟನ್ನು ದೂರದಿಂದ ಅರಿತರೆ ಸಾಲದು. ಕಡಲಿನ ಮೇಲೆಯೇ ಅಳೆಯಬೇಕು. ಅದಕ್ಕೆ ಹಡಗು, ಹಣ, ಹತ್ತಾರು ಸಂಸ್ಥೆಗಳ ಒಮ್ಮತ ಬೇಕು. ಭಾರತದ ಹವಾಗುಣ ಸಂಶೋಧನೆಯ ಕಾರ್ಯಕ್ರಮವನ್ನು ರೂಪಿಸಿದವರಲ್ಲಿ ಈಕೆ ಪ್ರಮುಖರು. ಅದರ ಫಲವಾಗಿ 1999ರಲ್ಲಿ ಬಂಗಾಳ ಕೊಲ್ಲಿಯಲ್ಲಿಯೂ, 2002ರಿಂದ ಅರಬ್ಬೀ ಸಮುದ್ರದಲ್ಲಿಯೂ ಹಡಗುಗಳು ನಿಂತು ಗಾಳಿಯನ್ನೂ ನೀರನ್ನೂ ಅಳೆದವು.

ಇನ್ನು ಕಡಲೆಕಾಯಿಯ ಮಾತು. ಈ ಬಾರಿ ದೇಶಕ್ಕೆಲ್ಲ ಮಳೆ ಸಾಧಾರಣವೆಂದು ಸಾರಿದರೆ ನನ್ನಿವಾಳದ ರೈತನಿಗೆ ಅದರಿಂದ ಆಗುವುದೇನು? ಆರಿದ್ರೆಯ ಹದಕ್ಕೆ ಬಿತ್ತಲೋ, ಪುಷ್ಯದವರೆಗೆ ಕಾಯಲೋ ಎಂಬುದು ಅವನ ಪ್ರಶ್ನೆ. ಮೊದಲ ಹದಕ್ಕೆ ಬಿತ್ತಿ, ಕಾಯಿ ಕಟ್ಟುವ ಹೊತ್ತಿಗೆ ಮಳೆ ಹಿಂತೆಗೆದರೆ ಬೀಜವೂ ಹೋಯಿತು, ಸಾಲವೂ ಉಳಿಯಿತು. ಸುಲೋಚನಾ ಅವರೂ ಪಿ. ಆರ್. ಶೇಷಗಿರಿರಾವ್ ಮೊದಲಾದ ಸಂಗಡಿಗರೂ ಅನಂತಪುರದ ಸುತ್ತಣ ಸೀಮೆಯಲ್ಲಿ ರೈತರೊಡನೆ ಕುಳಿತು ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಆ ಸೀಮೆ ನೆಲದಲ್ಲಿಯೂ ಬೆಳೆಯಲ್ಲಿಯೂ ನಮ್ಮ ಚಳ್ಳಕೆರೆಗೆ ಒಡಹುಟ್ಟು. ಹಿಂದಿನ ವರ್ಷಗಳ ಮಳೆಯ ದಾಖಲೆಯನ್ನಿಟ್ಟುಕೊಂಡು, ಯಾವ ದಿನ ಬಿತ್ತಿದ್ದರೆ ಎಷ್ಟು ಫಸಲು ಬರುತ್ತಿತ್ತು, ಎಷ್ಟು ವರ್ಷ ಬೆಳೆ ಕೈಕೊಡುತ್ತಿತ್ತು ಎಂದು ಗಣಕಯಂತ್ರದಲ್ಲಿ ಲೆಕ್ಕಹಾಕಿ, 1999 ಮತ್ತು 2002ರಲ್ಲಿ ಪ್ರಬಂಧಗಳನ್ನು ಬರೆದರು. ನಾಳೆಯ ಮಳೆಯನ್ನು ಆ ಲೆಕ್ಕ ಹೇಳಲಾರದು. ಯಾವ ಬಿತ್ತನೆಯಲ್ಲಿ ಅಪಾಯ ಹೆಚ್ಚು, ಯಾವುದರಲ್ಲಿ ಕಡಮೆ ಎಂಬುದನ್ನು ಹೇಳಬಲ್ಲುದು. ಬೀಜವನ್ನು ಪಣವೊಡ್ಡುವವನಿಗೆ ಅದು ಸಣ್ಣ ಸಹಾಯವಲ್ಲ.

ಸುಲೋಚನಾ ಅವರು 2025ರಲ್ಲಿ ತೀರಿಕೊಂಡರು. ಅವರು ದುಡಿದ ಸಂಸ್ಥೆಯ ಎರಡನೆಯ ಆವರಣವು ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿಗೆ ಬರುವ ತರುಣ ವಿದ್ವಾಂಸರು ತಮ್ಮ ಪ್ರಶ್ನೆಗಳಲ್ಲಿ ಕೆಲವನ್ನಾದರೂ ನೆರೆಯ ಹೊಲಗಳಿಂದ ಆರಿಸಿಕೊಳ್ಳಲಿ. ರೈತರೂ ತಮ್ಮ ಸಂದೇಹಗಳನ್ನು ಅವರ ಮುಂದಿಡಲು ಸಂಕೋಚಪಡದಿರಲಿ. ಕಡಲಿನ ವಿದ್ಯೆ ಆಗ ಬಯಲುಸೀಮೆಯ ಸೊತ್ತೂ ಆದೀತು.